ಮೂರನೇ ಕ್ಲಾಸಿನ ಕೆಲವು ಮಕ್ಕಳಿಗೆ ತಾಳವೇ ಇಲ್ಲ, ಹೆಜ್ಜೆ ಹೇಗೆ ಕಲಿಸಲಿ?

ತಾಳ ಬಾರದ ನಾಲ್ವರನ್ನು ಬಿಟ್ಟು ಉಳಿದವರಿಗೆ ಕಲಿಸಲಾ, ಇಲ್ಲ ಸ್ಪೀಕರ್ ತಂದು ಹಾಡು ಹಾಕಿ ಎಲ್ಲರಿಗೂ ಅಭ್ಯಾಸ ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. 'ಇವನಿಗೆ ತಾಳ ಇಲ್ಲ' ಅಂತ ನಾನೂ ಒಮ್ಮೆ ಹೇಳಿದ್ದೆ. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ನಾಲ್ಕನೇ ಕ್ಲಾಸಿನವರೆಗಿನ ಒಂದು ಕನ್ನಡ ಎಲ್‌ಪಿ ಶಾಲೆ. ನಾನು ಟೀಚರ್ ಆಗಿ ಸೇರಿದ ಮೊದಲ ವರ್ಷ. ಚಿಕ್ಕಂದಿನಲ್ಲಿ ತೆಂಕುತಿಟ್ಟು ಯಕ್ಷಗಾನದ ಹೆಜ್ಜೆ ಕಲಿತವಳು ನಾನು, ಹಾಗಾಗಿ ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಕುಣಿಸಬೇಕೆಂಬ ಆಸೆ. ಮೂರನೇ ಕ್ಲಾಸಿನಲ್ಲಿ 18 ಮಕ್ಕಳು. ಮನೆಮಾತು ಒಬ್ಬರದು ತುಳು, ಒಬ್ಬರದು ಮಲಯಾಳ, ಇನ್ನೊಬ್ಬರದು ಹವ್ಯಕ, ಮರಾಟಿ. ಅವರಲ್ಲಿ ಮಲಯಾಳ ಮನೆಮಾತಿನ ಒಬ್ಬ ಹುಡುಗ ಪ್ರತಿ ಸಲ ಚಪ್ಪಾಳೆಯನ್ನು ಮುಂಚೆಯೇ ತಟ್ಟಿಬಿಡುತ್ತಿದ್ದ. ಎಲ್ಲರ ಕೈ ಮೇಲೆ ಇರುವಾಗ ಅವನದು ಟಪ್ ಅನ್ನುತ್ತಿತ್ತು. ಡಿಸೆಂಬರಿನಲ್ಲಿ ಅವನನ್ನು ಸಾಲಿನಿಂದ ತೆಗೆದೆ. ಪರದೆ ಎಳೆಯುವ ಕೆಲಸ ಕೊಟ್ಟೆ. ಅವನ ಎದುರೇ ಪಕ್ಕದ ಟೀಚರಿಗೆ ಆ ಮಾತು ಹೇಳಿದೆ.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಸಣ್ಣವರಿಗೆ ನಿಧಾನವಾಗಿ ಕಲಿಸಿದರೆ ಸುಲಭ ಅಂತ ನಾನು ನಂಬಿದ್ದೆ. ಸೆಕೆಂಡಿಗೆ ಒಂದು ಪೆಟ್ಟು, ಅಂದರೆ ನಿಮಿಷಕ್ಕೆ 60. ಒಂದು, ಎರಡು, ಮೂರು, ನಾಲ್ಕು ಅಂತ ನಾನು ಎಣಿಸಬೇಕು, ಮಕ್ಕಳು ಬಾಯಿ ಮುಚ್ಚಿ ತಟ್ಟಬೇಕು. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಹೋಗುವ ಆ ಖಾಲಿ ಜಾಗ ಇದೆ ಅಲ್ವಾ, ಅದನ್ನು ಮಗು ಹೇಗೆ ಹಿಡಿದಿಟ್ಟುಕೊಳ್ಳಬೇಕು? ಕೈಗೆ ಕೆಲಸ ಇಲ್ಲ, ಕಾಲಿಗೆ ಇಲ್ಲ, ಬಾಯಿಗೂ ಇಲ್ಲ. ಬರೀ ಕಾಯುವುದು. ದೊಡ್ಡವರಿಗೇ ಅದು ಕಷ್ಟ. ಎಂಟು ವರ್ಷದ ಮಗು ಕಾಯಲಾಗದೆ ಮುಂಚೆ ತಟ್ಟುತ್ತದೆ. ಅದು ತಾಳ ಇಲ್ಲದ ಲಕ್ಷಣ ಅಲ್ಲ. ಅದರ ಮೈಯ ತಾಳ ನನ್ನದಕ್ಕಿಂತ ಚುರುಕು, ಅಷ್ಟೇ. ಉಯ್ಯಾಲೆಯ ಹಗ್ಗ ಗಿಡ್ಡ ಇದ್ದರೆ ಬೇಗ ಬೇಗ ತೂಗುತ್ತದೆ, ಉದ್ದ ಇದ್ದರೆ ನಿಧಾನ. ಗಿಡ್ಡ ಕಾಲೂ ಹಾಗೆಯೇ.

ಆ ಎಣಿಕೆಯಲ್ಲೂ ತೊಂದರೆ ಇತ್ತು. ಹೇಳಿ ನೋಡಿ: ಒಂದು, ಮೂರು, ನಾಲ್ಕು, ಎಲ್ಲಕ್ಕೂ ಎರಡೇ ಅಕ್ಷರ. 'ಎರಡು' ಮಾತ್ರ ಮೂರು. ಚುರುಕಾಗಿ ಎಣಿಸಿದರೆ ಅಲ್ಲೇ ನಾಲಿಗೆ ಎಡವುತ್ತದೆ. ತಕಧಿಮಿ ಅಂದರೆ ನಾಲ್ಕೂ ಸಮ. ನನ್ನ ಗುರುಗಳು ಬಾಯಿತಾಳದಿಂದಲೇ ಶುರು ಮಾಡಿಸಿದ್ದರು. ಅದನ್ನು ಮರೆತು ಡ್ರಿಲ್ ಥರ ಎಣಿಸುತ್ತಾ ನಿಂತಿದ್ದೆ.

ಇದು ನನಗೆ ಹೊಳೆದದ್ದು ಶಾಲೆಯಲ್ಲಿ ಅಲ್ಲ. ಮರುವರ್ಷ ಜೂನ್, ಜೋರು ಮಳೆ. ಶಾಲೆಯ ಕೆಳಗಿನ ತೋಡಿಗೆ ಅಡಿಕೆ ಮರದ ಸಂಕ, ಅಂದರೆ ಸಣ್ಣ ಸೇತುವೆ. ನಾನು ಒಂದೊಂದೇ ಹೆಜ್ಜೆ ಇಡುತ್ತಾ ನಡುಗುತ್ತಿದ್ದೆ. ಅದೇ ಹುಡುಗ, ಆಗ ನಾಲ್ಕನೇ ಕ್ಲಾಸು, ಕೊಡೆ ಹಿಡಿದು ಟಪ ಟಪ ಅಂತ ಒಂದೇ ಸಮ ಓಡಿ ದಾಟಿದ. ಆಚೆ ನಿಂತು ಹೇಳಿದ: "ಮೆಲ್ಲ ಬಂದರೆ ಬೀಳ್ತೀರಿ ಟೀಚರ್, ಬೇಗ ಬನ್ನಿ."

ಮರುದಿನ ಮಕ್ಕಳನ್ನು ಅಂಗಳದಲ್ಲಿ ಸುಮ್ನೆ ನಡೆಯಲು ಬಿಟ್ಟು ಗಡಿಯಾರ ನೋಡಿ ಎಣಿಸಿದೆ. ಹೆಚ್ಚಿನವರು ನಿಮಿಷಕ್ಕೆ 130ರ ಆಸುಪಾಸು. ನಾನು ಅವರನ್ನು ಅದರ ಅರ್ಧಕ್ಕೆ ಕಟ್ಟಿ ಹಾಕಿದ್ದೆ.

ಅವನನ್ನು ಮತ್ತೆ ಕುಣಿಯಲು ಕರೆದೆ. "ನಂಗೆ ತಾಳ ಇಲ್ಲ ಟೀಚರ್" ಅಂದ. ನನ್ನದೇ ಮಾತು. ಎಷ್ಟು ಕರೆದರೂ ಬರಲಿಲ್ಲ. ಆ ವರ್ಷ ಮುಗಿಸಿ ಐದನೇ ಕ್ಲಾಸಿಗೆ ಯುಪಿ ಶಾಲೆಗೆ ಹೋದ. ನನ್ನ ಹತ್ತಿರ ಇದ್ದ ಎರಡು ವರ್ಷದಲ್ಲಿ ಒಮ್ಮೆಯೂ ವೇದಿಕೆ ಹತ್ತಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆ ಇದು. ಗದ್ದೆಯಲ್ಲಿ ಆಟ, ತರವಾಡು ಮನೆಗಳಲ್ಲಿ ತೆಯ್ಯಂ ಕುಣಿತ, ಇನ್ನೊಂದು ಕಡೆ ದಫ್ ಬಡಿದು ಕುಣಿಯುವ ದಫ್‌ಮುಟ್ಟು. ಚೆಂಡೆ ಕೇಳುತ್ತಾ ಅಮ್ಮನ ಮಡಿಲಲ್ಲಿ ನಿದ್ದೆ ಹೋದ ಮಕ್ಕಳಿಗೆ ತಾಳ ಇಲ್ಲ ಅನ್ನಬಾರದು.

ಸ್ಪೀಕರಿಗೆ ದುಡ್ಡು ಹಾಕಬೇಡಿ. ಅದರ ಹಾಡು ತನ್ನ ವೇಗದಲ್ಲೇ ಓಡುತ್ತದೆ, ಮಗುವಿಗಾಗಿ ಕಾಯುವುದಿಲ್ಲ. ಮೊದಲು ಮಕ್ಕಳು ನಡೆಯಲಿ, ನೀವು ಅವರ ಕಾಲಿಗೆ ಸರಿಯಾಗಿ ಚಪ್ಪಾಳೆ ತಟ್ಟಿ. ಆಮೇಲೆ ಅವರ ಬಾಯಲ್ಲಿ ತಕಧಿಮಿ ಬರಲಿ, ಎಷ್ಟು ಗಲಾಟೆ ಆದರೂ ಬರಲಿ. ಬಾಯಿ ಕೂತ ಮೇಲೆ ಕೈ. ಕುಣಿತದ ಹೆಜ್ಜೆ ಅದರ ನಂತರ. ನಾಲ್ಕು ಬಂದ ಮೇಲೆ ಮೂರು, ತಕಿಟ. ಎರಡನ್ನೂ ಸೇರಿಸಿ ತಕಿಟ ತಕಧಿಮಿ ಅಂದರೆ ಏಳು. ತ್ರಿವುಡೆ ಎಂಬ ತಾಳದ ಲೆಕ್ಕ ಅದು, ಹೆಸರು ಹೇಳಿ ಹೆದರಿಸಬೇಡಿ. ನನ್ನ ಈಗಿನ ಮೂರನೇ ಕ್ಲಾಸಿನವರು ಅದನ್ನು ಹೇಳುತ್ತಲೇ ಮಧ್ಯಾಹ್ನದ ಊಟಕ್ಕೆ ಸಾಲು ನಿಲ್ಲುತ್ತಾರೆ. ನಿಧಾನ ವೇಗದಲ್ಲಿ ಕುಣಿಸುವುದು ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಹತ್ತು ನಿಮಿಷ ಸಾಕು, ಇಡೀ ಪೀರಿಯಡ್ ಎಳೆಯಬೇಡಿ. ಎದುರು ನಿಂತು ಹೆಜ್ಜೆ ತೋರಿಸಿದರೆ ನಿಮ್ಮ ಬಲಗಾಲು ಅವರಿಗೆ ಎಡಕ್ಕೆ ಕಾಣುತ್ತದೆ, ಅವರಿಗೆ ಬೆನ್ನು ಹಾಕಿ ನಿಲ್ಲಿ.

ಉಪಜಿಲ್ಲಾ ಕಲೋತ್ಸವದ ಸ್ಪರ್ಧೆಯ ಆಸೆ ಇದ್ದರೆ ಅದನ್ನು ಈ ವರ್ಷ ಬಿಡಿ. ಬಹುಮಾನ ಅಂತ ಹೊರಟರೆ ಸಾಲಿನಿಂದ ಮಕ್ಕಳನ್ನು ತೆಗೆಯುವುದು ಶುರುವಾಗುತ್ತದೆ.

ಆ ನಾಲ್ವರನ್ನು ನಾಳೆ ನಿಮ್ಮ ಪಕ್ಕದಲ್ಲೇ ನಡೆಸಿ. ಅವರ ಹೆಜ್ಜೆ ನಿಮಿಷಕ್ಕೆ ಎಷ್ಟು ಬಂತು ಅಂತ ಎಣಿಸಿ ಇಲ್ಲಿ ಬರೆಯಿರಿ. ಯಾವ ಹೆಜ್ಜೆಯಿಂದ ಶುರು ಮಾಡಬಹುದು ಅಂತ ಆಮೇಲೆ ಹೇಳುತ್ತೇನೆ.