ಯೆಜ್ಡಿ ಟ್ಯಾಂಕಿಗೆ ಪೌಡರ್ ಕೋಟಿಂಗ್ ಬೇಡ

ದಾವಣಗೆರೆಯಲ್ಲಿ ತಂದೆಯವರ ಯೆಜ್ಡಿ ಬೈಕನ್ನು ಪೂರ್ತಿ ಬಿಚ್ಚಿದ್ದೀರಿ, ಚಾಸಿ, ಟ್ಯಾಂಕ್ ಎರಡಕ್ಕೂ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಲೋಹಕ್ಕೆ ಹಿಡಿಸಿ ಓವನ್‌ನಲ್ಲಿ ಕಾಯಿಸುವ ಲೇಪನ) ಮಾಡಿಸಬಹುದೇ ಎಂದು ಕೇಳಿದ್ದೀರಿ. ಚಾಸಿ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು), ಸ್ಟ್ಯಾಂಡ್‌ಗಳಿಗೆ ಧಾರಾಳವಾಗಿ ಮಾಡಿಸಿ. ಟ್ಯಾಂಕಿಗೆ ದಯವಿಟ್ಟು ಬೇಡ. ಪೌಡರ್ ಕರಗಿ ಗಟ್ಟಿಯಾಗಲು ಓವನ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಳೆಯ ಟ್ಯಾಂಕಿನ ತಗ್ಗುಗಳಿಗೆ ಮೆತ್ತಿದ ಪುಟ್ಟಿ ಆ ಕಾವಿಗೆ ಬಿರುಕು ಬಿಡುತ್ತದೆ, ಸೀಸದ ಬೆಸುಗೆ ಕರಗುವ ಭಯವೂ ಇದೆ. ಒಳಗೆ ಪೆಟ್ರೋಲ್ ಆವಿ ಉಳಿದಿದ್ದರಂತೂ ಪ್ರಾಣಕ್ಕೇ ಅಪಾಯ. ಟ್ಯಾಂಕಿಗೆ ಸ್ಪ್ರೇ ಪೇಂಟೇ ಸರಿ.

ಕಿಟಕಿ, ಗೇಟುಗಳಿಗೆ ಕೋಟಿಂಗ್ ಮಾಡುವವರಿಗೆ ಬೈಕಿನ ಸೂಕ್ಷ್ಮ ತಿಳಿದಿರುವುದಿಲ್ಲ. ಬೇರಿಂಗ್ ಕೂರುವ ಜಾಗ, ಬೋಲ್ಟ್ ತಿರುಗಿಸುವ ಮರೆಗಳು (ಥ್ರೆಡ್), ಎಲ್ಲಕ್ಕೂ ಶಾಖ ತಡೆಯುವ ಟೇಪನ್ನು ನೀವೇ ಎದುರು ನಿಂತು ಅಂಟಿಸಿ. ನನ್ನ ಚಾಸಿಯಲ್ಲಿ ಹ್ಯಾಂಡಲ್ ಬೇರಿಂಗ್‌ನ ಬಟ್ಟಲು ಕೂರಲೇ ಇಲ್ಲ. ಎರಡು ಸಂಜೆ ಕುಳಿತು ಒಳಗಿನ ಕೋಟಿಂಗ್ ಕೆರೆದು ತೆಗೆದೆ. ಕೋಟಿಂಗ್ ಮೂಲಕ ಕರೆಂಟ್ ಹರಿಯದ ಕಾರಣ ಹಾರ್ನ್ ಕೂಡ ಮೂಕವಾಗಿತ್ತು. ಅರ್ಥ್ ವೈರಿನ ಬೋಲ್ಟಿನ ಕೆಳಗೆ ನಾಣ್ಯದಗಲ ಉಜ್ಜಿ ಲೋಹ ಹೊಳೆದ ಮೇಲೆಯೇ ಅದು ಕೂಗಿದ್ದು!

ಚಾಸಿ ನಂಬರಿನ ಮೇಲೂ ಟೇಪ್ ಇರಲಿ. ದಪ್ಪ ಪದರದಡಿ ಅಕ್ಷರ ಹೂತುಹೋದರೆ ಆರ್‌ಟಿಒ ಕಚೇರಿಯಲ್ಲಿ ತೊಂದರೆಯಾಗುತ್ತದೆ. ಒಯ್ಯುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ.