ಒಂದೇ ವಿಷಯಕ್ಕೆ ಪದೇ ಪದೇ ಪ್ರಾರ್ಥಿಸಿದರೆ ಅದು ಅಪನಂಬಿಕೆಯಾ?

ತಮ್ಮನ ಕುಡಿತ ಬಿಡಿಸು ದೇವರೇ ಅಂತ ವರ್ಷಗಳಿಂದ ಪ್ರಾರ್ಥಿಸುತ್ತಿದ್ದೀರಿ. ಈಗ ಪರಿಚಯದವರೊಬ್ಬರು "ಒಂದು ಸಲ ಕೇಳಿದ ಮೇಲೆ ಸ್ತೋತ್ರ ಹೇಳಿ ಸುಮ್ಮನಿರಬೇಕು, ಮತ್ತೆ ಮತ್ತೆ ಕೇಳಿದರೆ ನಂಬಿಕೆ ಇಲ್ಲ ಅಂತ ಅರ್ಥ" ಅಂದಿದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕೇಳಿ ಪ್ರಯೋಜನವಿಲ್ಲ ಅನ್ನಿಸಿದವರ ಹತ್ತಿರ ನಾವು ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ನೀವು ಇನ್ನೂ ಕೇಳುತ್ತಿದ್ದೀರಿ, ಅಲ್ವಾ?

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಮೂರು ಸಲ ಪ್ರಾರ್ಥಿಸಿದರು. ಮೂರನೇ ಸಲವೂ ಅದೇ ಮಾತು ಅಂತ ಮತ್ತಾಯ ಬರೆದಿದ್ದಾರೆ. ಅವರಿಗೆ ತಂದೆಯ ಮೇಲೆ ನಂಬಿಕೆ ಕಡಿಮೆ ಇತ್ತು ಅನ್ನೋಕಾಗುತ್ತಾ?

ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯ ಕಥೆ ನಿಮಗೆ ಗೊತ್ತಿರಬಹುದು. ದೇವರಿಗೂ ಹೆದರದ, ಜನರನ್ನೂ ಲೆಕ್ಕಿಸದ ನ್ಯಾಯಾಧೀಶ. ಅವಳು ಬಿಡದೆ ಬಂದು ಕಾಡಿದ್ದಕ್ಕೆ ಬೇಸತ್ತು ನ್ಯಾಯ ಕೊಡುತ್ತಾನೆ. ದೇವರನ್ನೂ ಹೀಗೇ ಕಾಡಿ ಬಗ್ಗಿಸಬೇಕು ಅಂತ ಕೆಲವರು ಇದನ್ನು ಓದುತ್ತಾರೆ. ಆದರೆ ಕಥೆ ಹೇಳುವುದು ತದ್ವಿರುದ್ಧ. ಅಂಥ ಕಲ್ಲುಮನಸ್ಸಿನವನೇ ಕೊನೆಗೆ ಕೇಳಿಸಿಕೊಂಡ, ನಿಮ್ಮನ್ನು ಪ್ರೀತಿಸುವ ದೇವರು ಕೇಳಿಸಿಕೊಳ್ಳುವುದಿಲ್ಲವಾ ಅನ್ನುವುದು ಅಲ್ಲಿನ ಪ್ರಶ್ನೆ. ಹಾಗಾಗಿ ಮಾತಿನ ಲೆಕ್ಕ ಬೇಡ. ಜಾಸ್ತಿ ಮಾತಾಡಿದರೆ ದೇವರು ಜಾಸ್ತಿ ಕೇಳುತ್ತಾನೆ ಅಂದುಕೊಳ್ಳಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ.

ನಿಮ್ಮ ಪರಿಸ್ಥಿತಿಗೆ ತುಂಬಾ ಹತ್ತಿರದವರು ಸಂತ ಮೋನಿಕಾ. ಈಗಿನ ಅಲ್ಜೀರಿಯಾದಲ್ಲಿ 4ನೇ ಶತಮಾನದಲ್ಲಿದ್ದ ತಾಯಿ. ಮಗ ಅಗಸ್ಟೀನ್ ದಾರಿ ಬಿಟ್ಟು ಹೋದಾಗ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದವರು. ಮಗನಿಗೆ ಬುದ್ಧಿ ಹೇಳಿ ಅಂತ ಒಬ್ಬ ಬಿಷಪ್ಪರನ್ನೂ ಬಿಡದೆ ಕೇಳಿಕೊಂಡರು. ಕೊನೆಗೆ ಅವರಿಗೂ ಸಾಕಾಗಿ, ಇಷ್ಟು ಕಣ್ಣೀರಿನ ಮಗ ಹಾಳಾಗಿ ಹೋಗಲಾರ, ಹೋಗಮ್ಮಾ ಅಂದರಂತೆ.

383ರಲ್ಲಿ ಮಗ ರೋಮಿಗೆ ಹೊರಟ. ಹೋಗಬೇಡ ಅಂತ ತಾಯಿ ಹಟ ಹಿಡಿದರು. ಸ್ನೇಹಿತನನ್ನು ಹಡಗು ಹತ್ತಿಸಿ ಬರುತ್ತೇನೆ ಅಂತ ಅಗಸ್ಟೀನ್ ಸುಳ್ಳು ಹೇಳಿದ. ಆ ರಾತ್ರಿ ಕಾರ್ಥೇಜ್ ಬಂದರಿನ ಹತ್ತಿರ, ಸಂತ ಸಿಪ್ರಿಯಾನರ ಗುಡಿಯಲ್ಲಿ ಮೋನಿಕಾ ಉಳಿದರು. ಮಗ ಹೋಗದಿರಲಿ ಅಂತಲೇ ಅವರ ಪ್ರಾರ್ಥನೆ. ಬೆಳಗ್ಗೆ ನೋಡಿದರೆ ಹಡಗು ಹೊರಟುಹೋಗಿತ್ತು. ದಡದಲ್ಲಿ ನಿಂತು ಗೋಳಾಡಿದರು. ಆದರೆ ಆ ಪ್ರಯಾಣವೇ ಅಗಸ್ಟೀನನನ್ನು ರೋಮಿನಿಂದ ಮಿಲಾನಿಗೆ, ಬಿಷಪ್ ಆಂಬ್ರೋಸರ ಹತ್ತಿರ ತಲುಪಿಸಿತು. 387ರ ಈಸ್ಟರ್ ಹಬ್ಬಕ್ಕೆ ಅವರಿಂದಲೇ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಅಷ್ಟು ವರ್ಷ ಕೇಳುತ್ತಿದ್ದದ್ದನ್ನು ಕೊಡಲಿಕ್ಕೇ ಅಂತ ಮಗನೇ ಮುಂದೆ ಬರೆದ. ಕೇಳಿದ ರೀತಿಯಲ್ಲೇ ಆಗಬೇಕು ಅಂತ ಪಟ್ಟು ಹಿಡಿಯದೆ, ಕೇಳುವುದನ್ನೂ ಬಿಡದೆ ಇರುವುದು ಕಷ್ಟ. ಆದರೂ ನನ್ನ ಪ್ರಕಾರ ನಂಬಿಕೆ ಇರುವುದು ಅಲ್ಲೇ.

ಎಲ್ಲ ಪ್ರಾರ್ಥನೆಯೂ ಹೀಗೆ ಮುಗಿಯುವುದಿಲ್ಲ. ಸಂತ ಪೌಲರು ಮೂರು ಸಲ ಬೇಡಿಕೊಂಡರೂ 'ದೇಹದಲ್ಲಿ ನೆಟ್ಟ ಮುಳ್ಳು' ಅಂತ ಅವರು ಕರೆದ ಆ ಬಾಧೆ ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ನಮ್ಮಮ್ಮ ಗುಣವಾಗಲಿ ಅಂತ ನಾವೂ ದಿನಾ ಜಪಸರ ಹಿಡಿದೆವು. ಗುಣವಾಗಲಿಲ್ಲ. 'ನಮೋ ಮರಿಯಾ' ಅಂತ ಅಮ್ಮ ಶುರು ಮಾಡುವುದು, ಉಳಿದರ್ಧ ನಾವು ಹೇಳುವುದು ಮನೆಯ ವಾಡಿಕೆ. ಕೊನೆಕೊನೆಗೆ ದನಿ ಬರುತ್ತಿರಲಿಲ್ಲ, ಬೆರಳು ಮಾತ್ರ ಮಣಿಯಿಂದ ಮಣಿಗೆ ಸರಿಯುತ್ತಿತ್ತು. ಅಮ್ಮನಿಗೆ ಭಯವಿರಲಿಲ್ಲ. ಅದು ಅಷ್ಟು ದಿನದ ಪ್ರಾರ್ಥನೆಯಿಂದಲೇ ಬಂದದ್ದು ಅಂತ ನಾನು ನಂಬಿದ್ದೇನೆ.

ಇನ್ನೊಂದು ಮಾತು. ಕುಡಿತದ ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಡಾಕ್ಟರ ಹತ್ತಿರ ಹೋದರೆ ದೇವರನ್ನು ನಂಬಲಿಲ್ಲ ಅಂತ ಆಗುವುದಿಲ್ಲ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯವಾಗಬಹುದು, ಅದಕ್ಕೇ ಮೊದಲು ಡಾಕ್ಟರನ್ನು ಕೇಳಿ. ತಮ್ಮ ಬರಲ್ಲ ಅಂದರೂ ನೀವೊಬ್ಬರೇ ಹೋಗಿ ಮಾತಾಡಬಹುದು. ಇವತ್ತಿನಿಂದ ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ನಿಮ್ಮ ತಮ್ಮನೂ ಇರುತ್ತಾರೆ.