ಆಪ್ತಸಲಹೆ ಪ್ರಕರಣ: ಹೆಂಡತಿ ನೀರಿನಡಿ, ಗಂಡ ದಡದಲ್ಲಿ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರಿನ ದಂಪತಿ. ಆಕೆಗೆ 34, ಆತನಿಗೆ 39. ಆಕೆ ಸ್ಕೂಬಾದಲ್ಲಿ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದರಲ್ಲಿ, ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದಾರೆ, 30 ಮೀಟರ್ ಆಳದವರೆಗೆ ಇಳಿಯಬಲ್ಲರು. ಆತನಿಗೆ ಈಜು ಅಷ್ಟಕ್ಕಷ್ಟೆ. ಹಕ್ಕಿ ನೋಡುವ ಹುಚ್ಚು ಮಾತ್ರ ಜೋರು. ಫೆಬ್ರವರಿ ರಜೆಗೆ ಆಕೆ ಮಾಲ್ಡೀವ್ಸ್‌ನಲ್ಲಿ 7 ರಾತ್ರಿ ಹಡಗಿನಲ್ಲೇ ಉಳಿಯುವ ಡೈವಿಂಗ್ ಪ್ರವಾಸಕ್ಕೆ ಮುಂಗಡ ಕಟ್ಟಲು ಹೊರಟಿದ್ದರು. ಆತ ಬೇಡ ಎನ್ನಲಿಲ್ಲ. "ನಿಂಗೆ ಇಷ್ಟ ಇದ್ರೆ ಸರಿ, ನಾನು ಎಲ್ಲೋ ಒಂದ್ಕಡೆ ಕೂತಿರ್ತೀನಿ" ಎಂದರು. ಆ ಒಂದು ಮಾತಿಗೆ ಮನೆಯಲ್ಲಿ ವಾರಗಟ್ಟಲೆ ಮುನಿಸು. ಹಿಂದಿನ ವರ್ಷ ಹ್ಯಾವ್‌ಲಾಕ್‌ನಿಂದ, ಅಂದರೆ 2018ರಿಂದ ಸ್ವರಾಜ್ ದ್ವೀಪ ಎನಿಸಿಕೊಂಡಿರುವ ಅಂಡಮಾನಿನ ದ್ವೀಪದಿಂದ, ಬಂದಾಗಲೂ ಹೀಗೇ ಆಗಿತ್ತಂತೆ.

"ಮನಸ್ಸು ಬಿಚ್ಚಿ ಮಾತಾಡಿ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಇಬ್ಬರೂ ಅದಾಗಲೇ ಬೇಕಾದಷ್ಟು ಮಾತಾಡಿ ಸುಸ್ತಾಗಿದ್ದರು. ಹಾಗಾಗಿ ಮೊದಲ ಭೇಟಿಯಲ್ಲಿ ಕೊಟ್ಟದ್ದು ಎರಡು ಖಾಲಿ ಹಾಳೆ. ಹಿಂದಿನ ಪ್ರವಾಸದ ಒಂದು ಡೈವಿಂಗ್ ದಿನವನ್ನು ಇಬ್ಬರೂ ಬೇರೆ ಬೇರೆ ಕೂತು ಗಂಟೆಗಂಟೆಯ ಲೆಕ್ಕದಲ್ಲಿ ಬರೆಯಬೇಕು.

ಆಕೆಯ ಹಾಳೆಯಲ್ಲಿ ಎರಡೇ ಸಾಲು. "ಎರಡು ಡೈವ್ ಮೇಡಂ, ತಲಾ ಮುಕ್ಕಾಲು ಗಂಟೆ. ಒಂದೂವರೆ ಗಂಟೆಗೆ ಇಷ್ಟು ರಗಳೆ!" ಆತನ ಹಾಳೆ ತುಂಬಿತ್ತು. ಬೆಳಗ್ಗೆ 5ಕ್ಕೆ ಅಲಾರಂ. 6ಕ್ಕೆ ಡೈವ್ ಸೆಂಟರ್. ಸಲಕರಣೆ ಹೊಂದಿಸಿಕೊಂಡು 6:45ಕ್ಕೆ ಬೋಟ್. ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್‌ನಂಥ ದೂರದ ಜಾಗಕ್ಕೆ ಹೋಗಲು ಗಂಟೆಗಿಂತ ಹೆಚ್ಚು. ಎರಡು ಡೈವ್‌ಗಳ ನಡುವೆ ದೇಹದಲ್ಲಿ ಸೇರಿದ ನೈಟ್ರೋಜನ್ ಇಳಿಯಲು ಒಂದು ಗಂಟೆ ವಿರಾಮ. ದಡಕ್ಕೆ ಬರುವಾಗ ಮಧ್ಯಾಹ್ನ ಸುಮಾರು 1. ಸಲಕರಣೆ ತೊಳೆದು, ಸ್ನಾನ, ಊಟ ಮುಗಿಸಿದರೆ 2:15. ಆಮೇಲೆ ಆಕೆಗೆ ಸತ್ತಂಥ ನಿದ್ದೆ, 4ರವರೆಗೆ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಜನವರಿಯಲ್ಲಿ ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಂದರೆ ಹೆಂಡತಿಯ ಜೊತೆ ಹಗಲು ಕಳೆಯಲು ಆತನಿಗೆ ದಿನಕ್ಕೆ ಸಿಕ್ಕಿದ್ದು ಒಂದೂಕಾಲು ಗಂಟೆ, ಅದೂ ನಾಲ್ಕು ದಿನ ಸತತವಾಗಿ.

ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಆಕೆ ಸುಮ್ಮನಾದರು. ಡೈವ್ ಮಾಡುವವರು ನೀರಿನಡಿ ಕಳೆದ ನಿಮಿಷ ಎಣಿಸುತ್ತಾರೆ, ದಡದಲ್ಲಿರುವವರು ಬಾಗಿಲಿಂದ ಬಾಗಿಲಿಗೆ ಎಣಿಸುತ್ತಾರೆ. ರಜೆಯನ್ನು ಎರಡನೆಯ ಲೆಕ್ಕದಲ್ಲೇ ಹಾಕಬೇಕು ಎಂಬುದು ಇಡೀ ಪ್ರಕರಣದಲ್ಲಿ ಕೊಟ್ಟ ಮುಖ್ಯ ಸಲಹೆ.

ಎರಡನೆಯ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. "ಸಮುದ್ರದೊಳಗೆ ಅಂಥದ್ದೇನಿದೆ? ಸ್ನಾರ್ಕೆಲಿಂಗ್ ಮಾಡಿದೆ, ಎಲ್ಲ ಮಸುಕು ಮಸುಕು" ಎಂದು ಆತ ಪದೇಪದೇ ಹೇಳುತ್ತಿದ್ದರು. ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್, ಉಸಿರಾಡುವ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಲೇ ಒಳಗೆ ನೋಡುವುದು. ಆತನ ಕನ್ನಡಕದ ನಂಬರ್ ಮೈನಸ್ ನಾಲ್ಕೂವರೆ. ಕನ್ನಡಕದ ಕಡ್ಡಿ ಮಾಸ್ಕಿನ ರಬ್ಬರ್ ಅಂಚನ್ನು ಎತ್ತಿಹಿಡಿಯುವುದರಿಂದ ಅದನ್ನು ಹಾಕಿಕೊಂಡು ನೀರಿಗಿಳಿಯಲಾಗದು. ಆತ ತೆಗೆದಿಟ್ಟು ಇಳಿದಿದ್ದರು. ಹೆಂಡತಿ ತೋರಿಸಿದ ಮೀನುಗಳಲ್ಲಿ ಒಂದನ್ನೂ ಸರಿಯಾಗಿ ಕಂಡಿರಲಿಲ್ಲ, ಅದನ್ನು ಹೇಳಿರಲೂ ಇಲ್ಲ. ಆರು ವರ್ಷದ ದಾಂಪತ್ಯದಲ್ಲಿ ಇಬ್ಬರಿಗೂ ಇದು ಹೊಳೆದಿರಲಿಲ್ಲ ಎಂದರೆ ನಂಬಬೇಕು.

ಇದಕ್ಕೆ ಪರಿಹಾರ ಅಂಗಡಿಯಲ್ಲೇ ಇದೆ. ಎರಡು ಬಿಡಿ ಗಾಜಿನ ಮಾಸ್ಕ್‌ಗಳಿಗೆ ಅರ್ಧ ಅರ್ಧ ನಂಬರಿನ ಅಂತರದಲ್ಲಿ ಸಿದ್ಧ ಲೆನ್ಸ್ ಸಿಗುತ್ತವೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವ ನಂಬರ್ ಹೆಚ್ಚಿದ್ದರೆ ಮಾಡಿಸಬೇಕಾಗುತ್ತದೆ, ಆದ್ದರಿಂದ ತಿಂಗಳ ಮೊದಲೇ ಆರ್ಡರ್ ಕೊಡುವುದು ಒಳ್ಳೆಯದು. ಕೊಳ್ಳುವಾಗ ಪಟ್ಟಿಯನ್ನು ಹಿಂದಕ್ಕೆ ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅಳತೆ ಸರಿ. ನೀರು ಜಿನುಗಿದಾಗ ಪಟ್ಟಿ ಬಿಗಿಯುವವರೇ ಹೆಚ್ಚು. ಅತಿಯಾಗಿ ಬಿಗಿದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಆತನಿಗೆ ದಪ್ಪ ಮೀಸೆ ಬೇರೆ. ಮೂಗಿನ ಬುಡದಲ್ಲಿ, ಅಂಚು ಕೂರುವಷ್ಟು ಜಾಗವನ್ನು ಮಾತ್ರ ಬೋಳಿಸಿದರೆ ಸೋರಿಕೆ ನಿಲ್ಲುತ್ತದೆ, ಮೀಸೆಯ ಮರ್ಯಾದೆಯೂ ಉಳಿಯುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಮೈಯಲ್ಲಿ ತಯಾರಿಕೆಯ ಜಿಡ್ಡಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ಎಷ್ಟು ಒರೆಸಿದರೂ ಮಂಜು ಕಟ್ಟುತ್ತಲೇ ಇರುತ್ತದೆ.

ಇನ್ನು ಒತ್ತಾಯದ ವಿಷಯ. ಆಕೆ ಗಂಡನಿಗೆ ಗೊತ್ತಾಗದಂತೆ ಆತನ ಹೆಸರಿನಲ್ಲಿ ಟ್ರೈ ಡೈವ್ (ಕಲಿಯದವರು ಇನ್‌ಸ್ಟ್ರಕ್ಟರ್ ಜೊತೆ ಇಳಿದು ನೋಡುವ ಮೊದಲ ಡೈವ್) ಕಾಯ್ದಿರಿಸುವ ಯೋಚನೆಯಲ್ಲಿದ್ದರು. ಇದನ್ನು ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಲಾಯಿತು. ಆತ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಡೈವಿಂಗ್‌ಗೆ ಮುಂಚೆ ತುಂಬುವ ಆರೋಗ್ಯದ ಪ್ರಶ್ನಾವಳಿಯಲ್ಲಿ ಅದನ್ನು ಬರೆದರೆ ವೈದ್ಯರ ಸಹಿ ಬೇಕು, ದ್ವೀಪಕ್ಕೆ ಹೋದ ಮೇಲೆ ಅದಕ್ಕಾಗಿ ಓಡಾಡಲು ಆಗದು. ಮುಚ್ಚಿಟ್ಟು ಇಳಿಯುವುದು ಅಪಾಯ. ಅದಕ್ಕಿಂತ ದೊಡ್ಡ ಅಪಾಯ ಗಾಬರಿ. ಹೆದರಿದವರು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. ಮೇಲೇರಿದಂತೆ ಒತ್ತಡ ಇಳಿದು ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ, ಒಂದೆರಡು ಮೀಟರ್ ಆಳದಿಂದ ಬಂದರೂ ಶ್ವಾಸಕೋಶ ಹರಿಯಬಹುದು. ಹೆಂಡತಿಯನ್ನು ಮೆಚ್ಚಿಸಲು ಮಾಡುವ ಕೆಲಸ ಇದಲ್ಲ. ಆತನಿಗೆ ತಾನಾಗಿ ಆಸೆ ಬಂದರೆ ಮೊದಲು ವೈದ್ಯರು, ಆಮೇಲೆ ಎದೆಮಟ್ಟದ ಕೊಳದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಅಭ್ಯಾಸ. ಅದು ಹಿಡಿಸಿದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಒಂದು ದಿನ ಹೋಗಿ ನೋಡಬಹುದು, ಬೋಟಿನಲ್ಲಿ ಹೊಟ್ಟೆ ತೊಳಸುತ್ತದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಪಾಠ ಹೇಳುವವರು ಮಾತ್ರ ಹೆಂಡತಿ ಆಗಿರಬಾರದು. ಕಾರು ಕಲಿಸಲು ಹೋಗಿ ಜಗಳವಾಡಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲ್ಡೀವ್ಸ್ ಹಡಗು ಈ ಜೋಡಿಗೆ ಹೊಂದುವುದಿಲ್ಲ ಎಂದು ನೇರವಾಗಿಯೇ ಹೇಳಲಾಯಿತು. ಅಲ್ಲಿ ದಿನಕ್ಕೆ ಮೂರು ಡೈವ್, ಕೆಲವು ದಿನ ರಾತ್ರಿಯದೂ ಒಂದು. ಡೈವ್ ಮಾಡುವವರೆಲ್ಲ ಧೋನಿ ಎಂಬ ಬೇರೆ ದೋಣಿ ಹತ್ತಿ ಹೋದರೆ ಉಳಿದವರು ಖಾಲಿ ಹಡಗಿನಲ್ಲಿ. ಬೇಸರವಾದರೆ ಇಳಿದು ಹೋಗಲು ಊರಿಲ್ಲ. ಮತ್ತೆ ಹ್ಯಾವ್‌ಲಾಕೇ ವಾಸಿ, ಆದರೆ ವೇಳಾಪಟ್ಟಿ ಬೇರೆ ಎಂದು ಇಬ್ಬರೂ ಒಪ್ಪಿದರು.

ಒಟ್ಟು 8 ದಿನ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ. ವಿಮಾನ ತಡವಾಗಿ ಮಧ್ಯಾಹ್ನದ ಫೆರಿ ತಪ್ಪಿದರೆ ಮೊದಲ ಜಗಳ ಜೆಟ್ಟಿಯಲ್ಲೇ ಆಗುತ್ತದೆ. 2ನೇ ದಿನ ಬೆಳಗ್ಗೆ ಫೆರಿ, ಸುಮಾರು ಎರಡು ಗಂಟೆ. 3ನೇ ದಿನ ಬೋಟಿನಿಂದ ಎರಡು ಡೈವ್. ಆಕೆ ಇಳಿದು ವರ್ಷ ದಾಟಿರುವುದರಿಂದ ಮೊದಲನೆಯದು ಕಡಿಮೆ ಆಳದ ರಿಫ್ರೆಶರ್, ಅಂದರೆ ಮರೆತದ್ದನ್ನು ನೆನಪಿಸಿಕೊಳ್ಳುವ ಡೈವ್. 4ನೇ ದಿನ ಡೈವ್ ಇಲ್ಲ. ಎಲಿಫೆಂಟ್ ಬೀಚ್‌ನಲ್ಲಿ ಇಬ್ಬರೂ ಸ್ನಾರ್ಕೆಲಿಂಗ್, ಆತನಿಗೆ ನಂಬರಿನ ಮಾಸ್ಕ್ ಮತ್ತು ಲೈಫ್ ಜಾಕೆಟ್. 5ನೇ ದಿನ ದೂರದ ಆಳದ ಎರಡು ಡೈವ್. ಆ ಬೆಳಗ್ಗೆ ಆತ ರಾಧಾನಗರದ ಕಾಡುದಾರಿಯಲ್ಲಿ ಹಕ್ಕಿಗಳ ಹಿಂದೆ. ಆಕೆಯ ಮಧ್ಯಾಹ್ನದ ನಿದ್ದೆ 40 ನಿಮಿಷಕ್ಕೆ ಮಾತ್ರ, ಏಕೆಂದರೆ ಮೂರೂವರೆಗೆ ಸ್ಕೂಟರ್ ಹೊರಡಬೇಕು.

ಇಲ್ಲಿಗೆ ಆಕೆಯ ಪಾಲಿಗೆ ನಾಲ್ಕೇ ಡೈವ್. ಹಿಂದಿನ ಸಲ ಎಂಟು. ಆಕೆ ಚೌಕಾಸಿಗಿಳಿದರು, ಅದೂ ನ್ಯಾಯವೇ. 6ನೇ ದಿನಕ್ಕೆ ನೆಮೋ ರೀಫ್‌ನಲ್ಲಿ ದಡದಿಂದಲೇ ನಡೆದು ಇಳಿಯುವ ಎರಡು ಡೈವ್ ಸೇರಿದವು. ನಡುವಿನ ಒಂದು ಗಂಟೆ ದಡದಲ್ಲೇ ಕಳೆಯುವುದರಿಂದ ತಿಂಡಿ ಇಬ್ಬರೂ ಒಟ್ಟಿಗೆ. ಆ ಬದಿಯ ದಡದಲ್ಲಿ ಇಳಿತಕ್ಕೆ ನೀರು ಬಹಳ ದೂರ ಸರಿದು ಹವಳದ ಬಂಡೆ ಮೇಲೇಳುತ್ತದೆ, ಹಾಗಾಗಿ ಗಂಟೆಯನ್ನು ಭರತ ಇಳಿತದ ಪಟ್ಟಿ ನೋಡಿಯೇ ಗೊತ್ತುಮಾಡಬೇಕು.

7ನೇ ದಿನ ವಾಪಸ್ ಫೆರಿ. ಸತತ ದಿನಗಳ ಡೈವಿಂಗ್ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, 24 ಬಿಡುವುದು ರೂಢಿ. ಫೆರಿ ರದ್ದಾಗುವ ಸಂಭವವೂ ಇರುವುದರಿಂದ ಪೂರ್ತಿ ದಿನವನ್ನೇ ತೆಗೆದಿಡಲಾಯಿತು. ಹೇಗೂ ಆಕೆ ಇಳಿಯಲಾಗದ ಆ ದಿನವನ್ನು ಆತನಿಗೆ ಬರೆದುಕೊಟ್ಟದ್ದಾಯಿತು. ಸಂಜೆ ಪೋರ್ಟ್ ಬ್ಲೇರ್ ಬಳಿಯ ಚಿಡಿಯಾ ಟಾಪು, ಕತ್ತಲಾದ ಮೇಲೆ ಅಂಡಮಾನಿನಲ್ಲಷ್ಟೇ ಇರುವ ಗೂಬೆಗಳ ಹುಡುಕಾಟ. ಕಾದು ನಿಲ್ಲುವ ಸರದಿ ಈಗ ಆಕೆಯದು.

ಕೊನೆಗೆ ಭಯದ ಮಾತು. ಹಿಂದಿನ ಸಲ ಬೋಟ್ ಒಂದೂವರೆ ಗಂಟೆ ತಡವಾಗಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಆತ ದಡದಲ್ಲಿ ಒಬ್ಬರೇ ಕೆಟ್ಟದ್ದನ್ನೆಲ್ಲ ಊಹಿಸಿಕೊಂಡಿದ್ದರು, ಆಕೆ ಬಂದವರೇ ನಕ್ಕಿದ್ದರು. ಇನ್ನು ಮುಂದೆ ಪ್ರತಿ ಬೆಳಗ್ಗೆ ಒಂದು ಚೀಟಿ: ಬೋಟಿನ ಹೆಸರು, ಡೈವ್ ಜಾಗ, ಬರುವ ಹೊತ್ತು, ಎಷ್ಟು ತಡವಾದರೆ ಯಾರನ್ನು ಕೇಳಬೇಕು. ಆಕೆ ಬಂದ ಮೇಲೆ ಕೀಲುನೋವು, ಜೋಮು, ತಲೆಸುತ್ತು, ಮೈಮೇಲೆ ಕಲೆ ಅಥವಾ ಎಂದಿನದಲ್ಲದ ಸುಸ್ತು ಕಂಡರೆ ಮಲಗಲು ಬಿಡದೆ ತಕ್ಷಣ ಡೈವ್ ಸೆಂಟರಿಗೂ ವೈದ್ಯರಿಗೂ ತಿಳಿಸುವ ಹೊಣೆ ಆತನದು. ಇದನ್ನು ಕೇಳಿದಾಗ ಆತ ಮೊದಲ ಸಲ ಪೆನ್ನು ಕೇಳಿ ಬರೆದುಕೊಂಡರು.

ಮಾಲ್ಡೀವ್ಸ್ ಆಸೆ ಆಕೆಗೆ ಹೋಗಿಲ್ಲ. ಬೇರೊಂದು ವರ್ಷ ಡೈವಿಂಗ್ ಗೆಳತಿಯರ ಜೊತೆ ಹೋಗಲು ಆತನ ತಕರಾರಿಲ್ಲ. ಅದರ ಖರ್ಚು ಯಾರ ಖಾತೆಯಿಂದ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಮುಂದಿನ ಭೇಟಿ ಅದಕ್ಕೇ ಮೀಸಲು.